ಲೂಸಿಯನ್‌ನ ಬಾಯಿ, ಆರ್ಮಂಡ್‌ನ ಸುತ್ತಿಗೆ

ನನ್ನ ಅಣ್ಣ ಆರ್ಮಂಡ್ ನನ್ನ ತಮ್ಮ ಲೂಸಿಯನ್‌ಗೆ ಬೇಡಿ ಹಾಕಿಸಿದ ಸಂಜೆ ನಾನು ಅದೇ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಇಬ್ಬರೂ ಅರವತ್ತು ದಾಟಿದವರು. ಒಂದೇ ಹಾಸಿಗೆಯಲ್ಲಿ ಒಂದೇ ಕಂಬಳಿಗಾಗಿ ಎಳೆದಾಡಿಕೊಂಡು ಬೆಳೆದವರು. ಆ ಎಳೆದಾಟ ಮುಗಿದಿದೆ ಎಂದು ನಮ್ಮಮ್ಮ ಸಾಯುವಾಗ ನಂಬಿಕೊಂಡಿದ್ದಳು, ಪಾಪ.

ಹ್ಯಾಡ್ಲಾಕ್ ಎಂಬ ನಮ್ಮ ಪಟ್ಟಣವನ್ನು ಆಳುವುದು ಮೂವರ ಮಂಡಳಿ. ಅದರ ಅಧ್ಯಕ್ಷ ಆರ್ಮಂಡ್. ಮಂಡಳಿ ಸೇರುವುದು ಶಾಲೆಯ ನೆಲಮಾಳಿಗೆಯಲ್ಲಿ, ಬಾಯ್ಲರಿನ ಪಕ್ಕದ ಕೋಣೆಯಲ್ಲಿ. ಸಭೆಯ ಕೊನೆಗೆ ಊರಿನವರು ಯಾರು ಬೇಕಾದರೂ ಎದ್ದು ಮೂರು ನಿಮಿಷ ಮಾತಾಡಬಹುದು. ಆ ವರ್ಷ ಬೇಸಿಗೆ ಮುಗಿದಾಗಿನಿಂದ ಎದ್ದು ಮಾತಾಡುತ್ತಿದ್ದವನು ಲೂಸಿಯನ್ ಒಬ್ಬನೇ, ಮಾತು ಕೂಡ ಒಂದೇ: ಮಿಂಕ್ ತೊರೆಯ ಸೇತುವೆ.

ಸೇತುವೆಯ ತೊಲೆಗಳು ತುಕ್ಕು ಹಿಡಿದಿವೆ ಎಂದು ರಾಜ್ಯದ ಇಂಜಿನಿಯರುಗಳು ಅದನ್ನು ಮುಚ್ಚಿಸಿ ಎರಡೂ ಕಡೆ ಕಾಂಕ್ರೀಟಿನ ದಿಮ್ಮಿ ಇಡಿಸಿದ್ದರು. ಆಚೆ ದಡದಲ್ಲಿ ಇದ್ದದ್ದು ಎರಡೇ ಮನೆ. ಒಂದು ಬೇಸಿಗೆಗೆ ಮಾತ್ರ ಬರುವ ಬಾಸ್ಟನ್ನಿನವರದು, ಇನ್ನೊಂದು ಲೂಸಿಯನ್‌ದು. ಲೂಸಿಯನ್‌ನ ಹೆಂಡತಿ ಜಿನೆಟ್‌ಳ ಎರಡೂ ಮೂತ್ರಪಿಂಡ ಸೋತಿದ್ದವು. ದಿನ ಬಿಟ್ಟು ದಿನ ಅವಳನ್ನು ಆಸ್ಪತ್ರೆಗೆ ಕರೆದೊಯ್ದು ರಕ್ತ ತೊಳೆಯುವ ಯಂತ್ರಕ್ಕೆ ಹಚ್ಚಬೇಕಿತ್ತು. ಸೇತುವೆ ಇದ್ದಾಗ ಒಂದು ಕಾಫಿ ಕುಡಿದು ಮುಗಿಸುವಷ್ಟು ದೂರ. ಸೇತುವೆ ಮುಚ್ಚಿದ ಮೇಲೆ ಬೋಳುಗುಡ್ಡ ಸುತ್ತಿ, ಮಣ್ಣಿನ ರಸ್ತೆಯಲ್ಲಿ ಎದ್ದುಬಿದ್ದು ಹೋಗಬೇಕು. ಹಿಮ ಬಿದ್ದರೆ ಅದೂ ಇಲ್ಲ.

ಆ ಸಂಜೆ ಲೂಸಿಯನ್ ಟೋಪಿ ತೆಗೆಯದೆ ಎದ್ದು ನಿಂತ.

"ಸೇತುವೆ ಯಾವಾಗ ರಿಪೇರಿ ಮಾಡಿಸ್ತೀರಿ?"

"ಅದು ನಮ್ಮ ಕೈಲಿಲ್ಲ. ರಾಜ್ಯದೋರು ಮಾಡ್ಬೇಕು" ಎಂದ ಆರ್ಮಂಡ್.

"ರಾಜ್ಯದೋರು ಅಂದ್ರೆ ಯಾರು? ಆಕಾಶದಲ್ಲಿ ಕೂತಿದಾರಾ? ಒಂದು ಫೋನ್ ಮಾಡಿದ್ರೆ ನಿನ್ನ ಬೆರಳು ಸವೆಯುತ್ತಾ?"

"ಮಾಡಿದೀವಿ."

"ಏನಂದ್ರು?"

"ನೋಡ್ತೀವಿ ಅಂದ್ರು."

"ನೋಡ್ತಾರಂತೆ! ನನ್ನ ಹೆಂಡ್ತಿ ಸತ್ತ ಮೇಲೆ ನೋಡೋಕೆ ಬರ್ತಾರಾ? ಈ ಮಂಡಳಿಗೆ ಬೆನ್ನುಮೂಳೆ ಇಲ್ಲ. ಅಧ್ಯಕ್ಷನಿಗಂತೂ ಹುಟ್ಟಿದಾಗ್ಲಿಂದ ಇಲ್ಲ. ಬೇಕಾದ್ರೆ ಅಲ್ಲಿ ಹಿಂದೆ ಕೂತಿರೋ ನಮ್ಮಕ್ಕನ್ನ ಕೇಳಿ."

ಎಲ್ಲರೂ ತಿರುಗಿ ನನ್ನತ್ತ ನೋಡಿದರು. ನಾನು ಬಾಯ್ಲರಿನ ಕೊಳವೆ ನೋಡಿದೆ.

ಆರ್ಮಂಡ್ ಮರದ ಸುತ್ತಿಗೆ ಎತ್ತಿ ಮೇಜಿಗೆ ಬಡಿದ. ಮಂಡಳಿ ಹೊಸದಾಗಿ ಒಂದು ನಿಯಮ ಮಾಡಿಕೊಂಡಿತ್ತು: ಸಭ್ಯವಾಗಿ ಮಾತಾಡಬೇಕು, ಸದಸ್ಯರನ್ನು ಹೆಸರು ಹಿಡಿದು ಟೀಕಿಸಬಾರದು. ಅದು ಲೂಸಿಯನ್‌ಗಾಗಿಯೇ ಹೊಲಿಸಿದ ಅಂಗಿ ಎಂದು ಊರಿಗೆಲ್ಲ ಗೊತ್ತಿತ್ತು.

"ನಿಯಮ ಮೀರಿದೀಯ. ಕೂತ್ಕೋ."

"ನನ್ನ ಮೂರು ನಿಮಿಷ ಇನ್ನೂ ಮುಗಿದಿಲ್ಲ."

"ಕೂತ್ಕೋ ಅಂದೆ!"

"ಕೂರಲ್ಲ. ಏನ್ ಮಾಡ್ತೀಯಾ, ಅಮ್ಮಂಗೆ ಹೇಳ್ತೀಯಾ?"

ಜನ ನಕ್ಕರು. ಆ ನಗುವೇ ಕೆಲಸ ಕೆಡಿಸಿತು. ಆರ್ಮಂಡ್‌ನ ಕಿವಿ ಕೆಂಪಾಯಿತು. ಅವನು ಬಾಗಿಲ ಬಳಿ ನಿಂತಿದ್ದ ಪೊಲೀಸ್ ಮುಖ್ಯಸ್ಥ ಹೋಲ್ಡನ್‌ಗೆ ಕೈ ತೋರಿಸಿದ. ಊರಿನ ಇಡೀ ಪೊಲೀಸ್ ಪಡೆ ಎಂದರೆ ಹೋಲ್ಡನ್ ಮತ್ತು ಅವನ ಅರ್ಧ ದಿನದ ಸಹಾಯಕ.

"ಕ್ಷಮಿಸು ಲೂಸಿಯನ್, ಕೈ ಹಿಂದಕ್ಕೆ ಕೊಡ್ತೀಯಾ?"

"ಭುಜ ನೋವು ಕಣೋ. ಮುಂದೆ ಹಾಕು."

"ಆಗ್ಲಿ ಬಿಡು."

ಹೀಗೆ ನನ್ನ ತಮ್ಮನನ್ನು, ಸಾರ್ವಜನಿಕರು ಮಾತಾಡಲೆಂದೇ ಇಟ್ಟ ಹೊತ್ತಿನಲ್ಲಿ ಸಾರ್ವಜನಿಕನಾಗಿ ಮಾತಾಡಿದ್ದಕ್ಕೆ, ಶಾಂತಿಭಂಗದ ಆರೋಪ ಹೊರಿಸಿ ಕರೆದುಕೊಂಡು ಹೋದರು.

ನನ್ನ ಕಸುಬು ಕೂದಲು ಕತ್ತರಿಸುವುದು. ಅದರ ಜೊತೆಗೆ ರಾಜ್ಯದ ಶಾಸನಸಭೆಯಲ್ಲಿ ನಮ್ಮ ಕಡೆಯ ಪ್ರತಿನಿಧಿ. ಹೊರಗಿನವರು ಇದನ್ನು ಕೇಳಿ ಹುಬ್ಬೇರಿಸುತ್ತಾರೆ. ಹುಬ್ಬೇರಿಸಬೇಕಾದ್ದು ಏನೂ ಇಲ್ಲ. ನಮ್ಮ ರಾಜ್ಯ ಅಂಗೈಯಷ್ಟು, ಶಾಸನಸಭೆಯಲ್ಲಿ ಮಾತ್ರ ನಾಲ್ಕು ನೂರು ಜನ. ಕಲ್ಲೆಸೆದರೆ ಯಾರೋ ಒಬ್ಬ ಶಾಸಕನಿಗೆ ತಗಲುತ್ತದೆ, ಎಷ್ಟೋ ಸಲ ಎಸೆಯಬೇಕು ಅನ್ನಿಸಿದ್ದೂ ಉಂಟು. ಸಂಬಳ ಹೋಗಿಬರುವ ಪೆಟ್ರೋಲಿಗೆ ಸಾಲದು. ಆದರೆ ಊರವರಿಗೆ ಅದು ಯಾವುದೂ ಬೇಡ. ನನ್ನ ಕುರ್ಚಿಯಲ್ಲಿ ಕೂತು ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡ ಕೂಡಲೇ ಸರ್ಕಾರದ ಸಮಸ್ತ ಪಾಪಕ್ಕೂ ನಾನೇ ಹೊಣೆ.

ಮರುದಿನ ಬೆಳಿಗ್ಗೆ ಆರ್ಮಂಡ್ ಕುರ್ಚಿಯಲ್ಲಿ ಕೂತಿದ್ದ. ಅರ್ಧ ತಲೆ ಮುಗಿದಿತ್ತು. ಬಾಗಿಲು ತೆರೆದು ಲೂಸಿಯನ್ ಬಂದ. ರುಜು ಹಾಕಿಸಿಕೊಂಡು ಬಿಟ್ಟಿದ್ದರಂತೆ.

"ಓಡೀಲ್, ಒಂದು ಕಾನೂನು ತರ್ಬೇಕು ನೀನು" ಎಂದ, ಅಣ್ಣನನ್ನು ಕುರ್ಚಿಯ ಒಂದು ಭಾಗವೆಂಬಂತೆ ದಾಟಿ. "ಊರ ಸಭೆಲಿ ಯಾರ ಬಾಯೂ ಮುಚ್ಚಿಸಬಾರದು ಅಂತ."

"ಕಾನೂನು ತರೋದಾದ್ರೆ, ಸಭೆಲಿ ಅಧ್ಯಕ್ಷನ ಮಾತು ಕೇಳದೋರಿಗೆ ಶಿಕ್ಷೆ ಹೆಚ್ಚಿಸೋ ಕಾನೂನು ತಾ" ಎಂದ ಆರ್ಮಂಡ್ ಕನ್ನಡಿಯೊಳಗಿಂದ.

"ಕಾನೂನು ಅಂದ್ರೆ ಬೇಕರಿ ಬನ್ನಾ?" ಎಂದೆ. "ಬೆಳಿಗ್ಗೆ ಹೇಳಿ ಸಂಜೆ ಒಯ್ಯೋಕೆ? ಇಬ್ರಿಗೂ ಬೇಕಾಗಿರೋ ಕಾನೂನು ನಮ್ಮಜ್ಜನ ಅಜ್ಜ ಹುಟ್ಟೋ ಮೊದ್ಲೇ ಬರೆದಾಗಿದೆ. ಸರ್ಕಾರವನ್ನ ಬಯ್ಯೋ ಹಕ್ಕು ಪ್ರಜೆಗಿದೆ, ಅಷ್ಟೇ. ಸಂವಿಧಾನದ ಮೊದಲನೇ ತಿದ್ದುಪಡಿ."

"ಅದು ವಾಷಿಂಗ್ಟನ್ನೋರಿಗೆ" ಎಂದ ಆರ್ಮಂಡ್. "ಅದರಲ್ಲೇ ಇದೆ ನೋಡು, ಕಾಂಗ್ರೆಸ್, ಅಂದ್ರೆ ಅಲ್ಲಿನ ಸಂಸತ್ತು, ಕಾನೂನು ಮಾಡಬಾರದು ಅಂತ. ಹ್ಯಾಡ್ಲಾಕ್ ಮಂಡಳಿ ಮಾಡಬಾರದು ಅಂತ ಎಲ್ಲಿದೆ?"

"ಆಮೇಲೆ ಹದಿನಾಲ್ಕನೇ ತಿದ್ದುಪಡಿ ಅಂತ ಒಂದು ಬಂತಲ್ಲ? ಅಲ್ಲಿಂದೀಚೆಗೆ ರಾಜ್ಯಕ್ಕೂ ಅದೇ, ಜಿಲ್ಲೆಗೂ ಅದೇ, ನಿನ್ನ ಬಾಯ್ಲರ್ ಕೋಣೆಗೂ ಅದೇ! ನಮ್ಮ ರಾಜ್ಯದ ಸಂವಿಧಾನದಲ್ಲೂ ಇದೆ. ಎರಡೆರಡು ಸಲ ಬರೆದಿಟ್ರೂ ನಿನ್ನ ತಲೆಗೆ ಹೋಗಲಿಲ್ವಲ್ಲೋ!"

"ಕತ್ತರಿ ಮೆಲ್ಲಗೆ" ಎಂದ ಅವನು.

ಲೂಸಿಯನ್ ಗೆದ್ದವನಂತೆ ನಗುತ್ತಿದ್ದ. ಅವನ ಮೇಲೂ ನನಗೆ ಸಿಟ್ಟೇ. "ನೀನೇನು ಹಲ್ಲು ಬಿಡ್ತೀಯ? ಬೆನ್ನುಮೂಳೆ ಮಾತು ತೆಗೆದದ್ದರಿಂದ ಸೇತುವೆ ಒಂದಂಗುಲ ಮೇಲೆ ಬಂತಾ?"

ಅವನ ನಗು ಆರಿತು. "ಮೊನ್ನೆ ಗುಡ್ಡದ ಹತ್ರ ಗಾಡಿ ಹೂತುಹೋಯ್ತು" ಎಂದ. "ಟ್ರಾಕ್ಟರ್ ಬರೋ ತನಕ ಅವಳು ಒಳಗೆ ಕೂತು ನಡುಗ್ತಾ ಇದ್ಲು. ಬಾಯಿಬಿಟ್ಟು ಒಂದು ಮಾತಾಡಲಿಲ್ಲ. ಅವಳು ಬೈದಿದ್ರೆ ಚೆನ್ನಾಗಿತ್ತು."

ಆರ್ಮಂಡ್ ಕನ್ನಡಿಯಲ್ಲಿ ಕಣ್ಣು ತಗ್ಗಿಸಿದ.

ಆ ವಾರ ನಾನು ಸೇತುವೆಯ ಬೆನ್ನು ಹತ್ತಿದೆ. ರಾಜ್ಯದ ಸಾರಿಗೆ ಇಲಾಖೆಗೆ ಫೋನ್ ಮಾಡಿದರೆ ಜಿಲ್ಲೆ ಕಚೇರಿ ಎಂದರು. ಜಿಲ್ಲೆಯವರು ನಮಗೂ ಸೇತುವೆಗೂ ಸಂಬಂಧವಿಲ್ಲ ಎಂದರು. ಗವರ್ನರ್ ಕಚೇರಿಯ ಹುಡುಗಿಯೊಬ್ಬಳು ಬಹಳ ಮರ್ಯಾದೆಯಿಂದ, ಗುತ್ತಿಗೆಗೆ ಒಪ್ಪಿಗೆ ಕೊಡುವುದು ಗವರ್ನರ್ ಒಬ್ಬರೇ ಅಲ್ಲ, ಐವರ ಪರಿಷತ್ತು ಕೂಡ ಒಪ್ಪಬೇಕು ಎಂದಳು. ನಮ್ಮ ಭಾಗದ ಪರಿಷತ್ ಸದಸ್ಯ, ಇಲಾಖೆಯಿಂದ ಕಡತ ಬರಲಿ ಎಂದ. ನಾನು ಆ ಸರ್ಕಾರದ ಒಳಗಿನವಳೇ. ಅದರ ಗೋಡೆಗಳ ನಡುವೆ ನಾನೇ ದಾರಿ ತಪ್ಪಿ ನಿಂತಿದ್ದೆ. ಒಬ್ಬನ ಕೈಯಲ್ಲಿ ಎಲ್ಲ ಅಧಿಕಾರ ಇರಬಾರದೆಂದು ಹಿರಿಯರು ಹಂಚಿಟ್ಟರು, ಸರಿ. ಆದರೆ ಯಾರ ಕೈಯಲ್ಲೂ ಇಲ್ಲದ ಹಾಗೆ ಹಂಚುತ್ತಾರೆಯೇ?

ಕೊನೆಗೆ ಇಲಾಖೆಯ ಒಬ್ಬ ಹಿರಿಯ ಇಂಜಿನಿಯರ್ ಸಿಕ್ಕ.

"ಮೇಡಂ, ಖರ್ಚಿನ ಬಹುಪಾಲು ರಾಜ್ಯವೇ ಹಾಕುತ್ತೆ. ಉಳಿದ ಪಾಲು ಊರು ಹಾಕಬೇಕು. ಮಾರ್ಚಿನ ಊರ ಸಭೆಯಲ್ಲಿ ಜನ ಮತ ಹಾಕಿ ಒಪ್ಪಿದ್ರೆ ನಾವು ಕಡತ ಮೇಲಕ್ಕೆ ಕಳಿಸ್ತೀವಿ. ಇದನ್ನ ಜುಲೈನಲ್ಲೇ ನಿಮ್ಮ ಮಂಡಳಿಗೆ ಹೇಳಿದೀವಲ್ಲ."

"ಯಾರಿಗೆ ಹೇಳಿದ್ರಿ?"

"ಅಧ್ಯಕ್ಷರಿಗೆ. ನಿಮ್ಮದೇ ಮನೆತನದ ಹೆಸರು."

ಆರ್ಮಂಡ್ ಹಿತ್ತಲಲ್ಲಿ ಸೌದೆ ಒಟ್ಟುತ್ತಿದ್ದ. ನಾನು ಕಾರಿನ ಬಾಗಿಲು ಮುಚ್ಚುವುದಕ್ಕೂ ನಿಲ್ಲಲಿಲ್ಲ.

"ಜುಲೈನಲ್ಲೇ ಗೊತ್ತಿತ್ತು ನಿಂಗೆ!"

ಅವನು ಕೈಯಲ್ಲಿದ್ದ ತುಂಡನ್ನು ನಿಧಾನವಾಗಿ ಸಾಲಿಗೆ ಸೇರಿಸಿದ. "ಗೊತ್ತಿತ್ತು."

"ಊರ ಸಭೆ ಮುಂದೆ ಇಡೋಕೆ ಏನ್ ಧಾಡಿ?"

"ಆಚೆ ದಡದಲ್ಲಿ ಯಾರಿದಾರೆ ಹೇಳು? ನನ್ನ ತಮ್ಮ. ನಾನೇ ಮುಂದೆ ನಿಂತು ತೆರಿಗೆ ಏರಿಸಿ ಸೇತುವೆ ಕಟ್ಟಿಸಿದ್ರೆ ಊರು ಏನನ್ನುತ್ತೆ? ಅಧ್ಯಕ್ಷ ತಮ್ಮನ ಮನೆ ಬಾಗಿಲಿಗೆ ಸೇತುವೆ ಹಾಕ್ಸಿಕೊಟ್ಟ ಅನ್ನುತ್ತೆ. ಶಾಲೆ ಚಾವಣಿ ಸೋರ್ತಾ ಇದೆ ಕಣೇ. ಅದರ ರಿಪೇರಿಗೇ ಎರಡು ವರ್ಷದಿಂದ ದುಡ್ಡಿಲ್ಲ ಅಂತಿದೀನಿ."

"ಹಾಗಂತ ಅವನಿಗೆ ಹೇಳಬಹುದಿತ್ತಲ್ಲ?"

"ಅವನು ನನ್ನ ಹತ್ರ ಮಾತಾಡ್ತಾನಾ? ಬೊಗಳ್ತಾನೆ."

"ಅದಕ್ಕೆ ಬೇಡಿ ಹಾಕ್ಸಿದೆ."

ಅವನು ಇನ್ನೊಂದು ತುಂಡು ಎತ್ತಿಕೊಂಡ. ಪ್ರಾಮಾಣಿಕತೆಯೂ ಹೇಡಿತನವೂ ಒಂದೇ ಅಂಗಿಯೊಳಗೆ ಇರುವ ಮನುಷ್ಯನನ್ನು ಏನೆಂದು ಬಯ್ಯುವುದು? ನನಗೆ ತಿಳಿಯಲಿಲ್ಲ. ತಿಳಿದಷ್ಟು ಬೈದು ಬಂದೆ.

ಜನವರಿಯಲ್ಲಿ ಲೂಸಿಯನ್‌ನ ಪ್ರಕರಣ ನ್ಯಾಯಾಲಯಕ್ಕೆ ಬಂತು. ನ್ಯಾಯಾಧೀಶೆ ಫೆಸೆಂಡೆನ್ ಮಿತಮಾತಿನ ಹೆಂಗಸು, ಕನ್ನಡಕದ ಮೇಲಿಂದ ನೋಡುವವಳು. ಅವಳು ಸಭೆಯ ವಿಡಿಯೋ ಹಾಕಿಸಿ ನೋಡಿದಳು. "ಅಮ್ಮಂಗೆ ಹೇಳ್ತೀಯಾ" ಎಂಬಲ್ಲಿ ಅವಳ ತುಟಿ ಒಂದಿಷ್ಟು ಅಲುಗಿತು.

"ಇವರು ಯಾರಿಗಾದ್ರೂ ಹೊಡೆದ್ರಾ?" ಎಂದು ಹೋಲ್ಡನ್‌ನನ್ನು ಕೇಳಿದಳು.

"ಇಲ್ಲ, ನ್ಯಾಯಾಧೀಶರೇ."

"ಬೆದರಿಸಿದ್ರಾ? ಬೇರೆಯವರ ಸರದಿ ಕಿತ್ತುಕೊಂಡ್ರಾ?"

"ಬೇರೆ ಯಾರೂ ಮಾತಾಡೋರು ಇರಲಿಲ್ಲ."

"ಹಾಗಾದ್ರೆ ಮಂಡಳಿಗೆ ನೋವಾಯ್ತು, ಅಷ್ಟೇ." ಅವಳು ಆರ್ಮಂಡ್‌ನತ್ತ ತಿರುಗಿದಳು. "ಅಧ್ಯಕ್ಷರೇ, ಸಮಯದ ಮಿತಿ ಹಾಕಿ, ನನ್ನ ಅಭ್ಯಂತರ ಇಲ್ಲ. ಆದ್ರೆ ಬನ್ನಿ ಮಾತಾಡಿ ಅಂತ ಬಾಗಿಲು ತೆಗೆದು, ಹೊಗಳೋರು ಮಾತ್ರ ಬನ್ನಿ ಅನ್ನೋ ಹಾಗಿಲ್ಲ. ತನ್ನನ್ನ ಆಳೋರ ಹತ್ರ ಒರಟಾಗಿ ಮಾತಾಡೋ ಹಕ್ಕು ಈ ದೇಶದಲ್ಲಿ ಪ್ರತಿಯೊಬ್ಬನಿಗೂ ಇದೆ. ಆರೋಪ ವಜಾ."

ಅಲ್ಲಿಗೆ ಬಾಯಿ ಮುಚ್ಚಿ ಮನೆಗೆ ಬರಬೇಕೋ ಬೇಡವೋ? ಲೂಸಿಯನ್ ಎದ್ದು ನಿಂತ. "ನ್ಯಾಯಾಧೀಶರೇ, ಹಾಗೇ ಆ ಸೇತುವೆನೂ ಕಟ್ಟೋಕೆ ಹೇಳಿಬಿಡಿ."

"ಅದು ನನ್ನ ಕೈಲಿಲ್ಲ."

"ನೀವೂ ಅದನ್ನೇ ಅಂತೀರಾ!"

"ನೀವು ಮಾತಾಡಬಹುದು ಅಂತ ಹೇಳೋದು ನನ್ನ ಕೆಲಸ. ನಿಮ್ಮ ಮಾತು ಕೇಳಿ ಕೆಲಸ ಮಾಡೋದು ಬೇರೆಯವರ ಕೆಲಸ. ಹೊರಡಿ, ನನ್ನ ಮನಸ್ಸು ಬದಲಾಗೋ ಮೊದ್ಲು."

ನಾನು ಅವನ ತೋಳು ಹಿಡಿದು ಎಳೆದುಕೊಂಡು ಬಂದೆ.

ಮಂಡಳಿ ಇಡದಿದ್ದರೂ ಊರ ಸಭೆಯ ಮುಂದೆ ಒಂದು ವಿಷಯ ಬರುವುದಕ್ಕೆ ನಮ್ಮಲ್ಲಿ ದಾರಿ ಇದೆ. ಕೆಲವು ಮತದಾರರು ಸಹಿ ಹಾಕಿ ಕೇಳಿದರೆ ಸಾಕು, ಇಡಲೇಬೇಕು. ನನ್ನ ಕುರ್ಚಿಗೆ ಬಂದವರ ಕೈಗೆಲ್ಲ ಪೆನ್ನು ಕೊಟ್ಟೆ. ಕೂದಲು ಅರ್ಧ ಕತ್ತರಿಸಿ ಕೇಳಿದರೆ ಇಲ್ಲ ಎನ್ನುವ ಧೈರ್ಯ ಯಾರಿಗೂ ಬರುವುದಿಲ್ಲ.

ಮಾರ್ಚ್ ಬಂತು. ಹಿಮ ಕರಗಿ ರಸ್ತೆಗಳು ಅಂಬಲಿಯಾಗಿದ್ದವು. ಊರ ಸಭೆಯ ದಿನ ಮಂಡಳಿಯ ಚುನಾವಣೆಯೂ ಇತ್ತು, ಮತಪೆಟ್ಟಿಗೆ ಶಾಲೆಯ ಪಡಸಾಲೆಯಲ್ಲಿ, ಸಭೆ ಒಳಗೆ ವ್ಯಾಯಾಮಶಾಲೆಯಲ್ಲಿ. ಚರ್ಚಿನ ಹೆಂಗಸರು ಬೀನ್ಸ್ ಕಾಳು ಬೇಯಿಸಿದ ದೊಡ್ಡ ಪಾತ್ರೆಗಳನ್ನೂ ಹಂದಿಮಾಂಸದ ಕಡುಬುಗಳನ್ನೂ ಗೋಡೆಯ ಬದಿಗೆ ಜೋಡಿಸಿದ್ದರು. ಎಲ್ಲರ ಬೂಟಿನಲ್ಲೂ ಕೆಸರು. ಜಿನೆಟ್ ದಪ್ಪ ಕೋಟು ಹೊದ್ದು ಮುಂದಿನ ಸಾಲಿನಲ್ಲಿ ಕೂತಿದ್ದಳು.

ಸಭೆ ನಡೆಸುವವನು ಥರ್ಸ್ಟನ್, ಒಂದು ಕಿವಿ ಕೇಳದ ಮುದುಕ. ಶಾಲೆಯ ಚಾವಣಿ, ಅಗ್ನಿಶಾಮಕ ಗಾಡಿಯ ಚಕ್ರ, ಸ್ಮಶಾನದ ಬೇಲಿ, ಎಲ್ಲ ಮುಗಿದು ಸೇತುವೆ ಬಂತು. ಲೂಸಿಯನ್ ಮಾತಾಡಿದ. ಆಶ್ಚರ್ಯವೆಂದರೆ ಯಾರನ್ನೂ ಬಯ್ಯಲಿಲ್ಲ, ಗುಡ್ಡದ ರಸ್ತೆಯ ಬಗ್ಗೆ ಮಾತ್ರ ಹೇಳಿ ಕೂತ.

ಆಮೇಲೆ ಆರ್ಮಂಡ್ ಎದ್ದ. ಎದ್ದದ್ದೇ ತಡ, ಹಿಂದಿನಿಂದ ಕೂಗು ಶುರುವಾಯಿತು.

"ಕೂತ್ಕೋ ಆರ್ಮಂಡ್!"

"ಇವತ್ತು ಯಾರಿಗೆ ಬೇಡಿ ಹಾಕ್ಸ್ತೀಯಾ?"

"ಕೋರ್ಟ್ ಹೇಳಿದ್ದು ಕೇಳಿಸ್ಲಿಲ್ವಾ?"

ಕಾಲಿನಿಂದ ನೆಲ ಕುಟ್ಟಿದರು. ಥರ್ಸ್ಟನ್ ಕೇಳುವ ಕಿವಿಯನ್ನು ಯಾವ ಕಡೆ ತಿರುಗಿಸಬೇಕೆಂದು ತಿಳಿಯದೆ ಕಂಗಾಲಾದ. ಆರ್ಮಂಡ್ ಮೈಕು ಹಿಡಿದು ನಿಂತೇ ಇದ್ದ. ಬಾಯಿ ತೆರೆದು ಮುಚ್ಚಿದ. ಚಿಕ್ಕಂದಿನಲ್ಲಿ ಕೊಟ್ಟಿಗೆಯ ಮೇಲಿಂದ ಬಿದ್ದು ಉಸಿರು ಸಿಗದೆ ಹೀಗೇ ಮಾಡಿದ್ದ.

ಆಗ ಲೂಸಿಯನ್ ಕುರ್ಚಿಯ ಮೇಲೆ ಹತ್ತಿ ನಿಂತ.

"ಬಾಯ್ಮುಚ್ರೋ ಎಲ್ಲ! ಅವನು ಮಾತಾಡ್ಲಿ. ಅವನನ್ನ ಬಯ್ಯೋಕೆ ನಾನಿದೀನಿ, ನಿಮ್ಮ ಸಹಾಯ ಬೇಕಾಗಿಲ್ಲ. ಅವನ ಮೂರು ನಿಮಿಷ ಅವನಿಗೆ ಕೊಡಿ!"

ಸಭೆ ತಣ್ಣಗಾಯಿತು. ಇನ್ನೇನು ಅಣ್ಣ ತಪ್ಪೊಪ್ಪಿಕೊಂಡು ಸೇತುವೆ ಬೇಕು ಎನ್ನುತ್ತಾನೆ, ತಮ್ಮ ಹೋಗಿ ತಬ್ಬಿಕೊಳ್ಳುತ್ತಾನೆ ಎಂದುಕೊಂಡೆ.

ಆರ್ಮಂಡ್ ಗಂಟಲು ಸರಿಮಾಡಿಕೊಂಡ. "ಜುಲೈನಲ್ಲೇ ಇದನ್ನ ನಿಮ್ಮ ಮುಂದೆ ಇಡಬೇಕಿತ್ತು. ಇಡಲಿಲ್ಲ. ಅದು ತಪ್ಪು" ಎಂದ. ನಂತರ ಒಂದು ಕ್ಷಣವೂ ತಡೆಯದೆ ಮುಂದುವರಿಸಿದ: "ಆದ್ರೆ ಈ ಠರಾವಿಗೆ ನನ್ನ ವಿರೋಧ ಇದೆ. ಎರಡು ಮನೆಗೋಸ್ಕರ ಇಡೀ ಊರಿನ ಮೇಲೆ ತೆರಿಗೆ ಹಾಕೋದು ಸರಿಯಲ್ಲ. ಚಾವಣಿಗೇ ಈಗ ಒಪ್ಪಿದೀರಿ. ಲೂಸಿಯನ್ ಮನೆಯೋರು ಊರೊಳಗೆ ಬಾಡಿಗೆಗೆ ಬಂದಿರಲಿ, ಮೊದಲನೇ ವರ್ಷದ ಬಾಡಿಗೆ ನಾನೇ ಕೊಡ್ತೀನಿ."

ಲೂಸಿಯನ್ ಕುರ್ಚಿಯ ಮೇಲೇ ನಿಂತಿದ್ದ. ಅವನ ಮುಖ ನೋಡಬೇಕಿತ್ತು. ತನ್ನ ಕೈಯಿಂದಲೇ ಬಾಗಿಲು ತೆರೆದು ಒಳಗೆ ಕರೆದ ಎತ್ತು ತನ್ನನ್ನೇ ಹಾಯ್ದರೆ ಹೇಗಿರುತ್ತದೋ ಹಾಗೆ. ಬಾಯಿ ತೆರೆದ. ಮೂರು ನಿಮಿಷ ಕೊಡಿಸಿದವನು ತಾನೇ. ಮುಚ್ಚಿಕೊಂಡು ಕೆಳಗಿಳಿದ.

ನಾನು ಹಣೆ ಚಚ್ಚಿಕೊಂಡೆ. ಇಂಥ ಇಬ್ಬರನ್ನು ಹೆತ್ತ ನಮ್ಮಮ್ಮ ಎಪ್ಪತ್ತೊಂಬತ್ತರ ತನಕ ಬದುಕಿದ್ದೇ ಪವಾಡ.

ಜಿನೆಟ್ ಎದ್ದು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ಮೈಕು ತಂದುಕೊಟ್ಟವನು ಹೋಲ್ಡನ್.

"ನಂಗೆ ಭಾಷಣ ಬರಲ್ಲ" ಎಂದಳು. "ಆರ್ಮಂಡ್ ಹೇಳಿದ್ದು ಸರಿನೇ, ನಾವು ಎರಡೇ ಮನೆ. ನಾಳೆ ನಿಮ್ಮ ಕಡೆನೂ ಎರಡು ಮನೆ ಅಂತ ಯಾರಾದ್ರೂ ಎಣಿಸ್ತಾರೆ. ಊರು ಅಂದ್ರೆ ಎಲ್ಲ ಎರಡೆರಡು ಮನೆನೇ ಅಲ್ವಾ? ನಾನು ಮನೆ ಬಿಟ್ಟು ಬರಲ್ಲ. ಬಾಡಿಗೆ ಮಾತಿಗೆ ಥ್ಯಾಂಕ್ಸ್, ಆರ್ಮಂಡ್. ಅದನ್ನ ನೀನು ಅಡಿಗೆಮನೆಗೆ ಬಂದು ಹೇಳಬೇಕಿತ್ತು, ಇಲ್ಲಲ್ಲ."

ಕೈ ಎತ್ತಿಸಿ ಎಣಿಸಿದರು. ಥರ್ಸ್ಟನ್‌ಗೆ ನಂಬಿಕೆಯಾಗದೆ ಇನ್ನೊಮ್ಮೆ ಎಣಿಸಿದರು. ಕೂದಲೆಳೆಯಲ್ಲಿ ಠರಾವು ಗೆದ್ದಿತು. ಆರ್ಮಂಡ್‌ನ ಕೈ ಎರಡು ಸಲವೂ ವಿರುದ್ಧವಾಗಿಯೇ ಎದ್ದಿತು, ಬಾವುಟದ ಕಂಬದ ಹಾಗೆ ನೆಟ್ಟಗೆ. ಆಮೇಲೆ ಪಡಸಾಲೆಯ ಮತಪೆಟ್ಟಿಗೆ ತೆರೆದರೆ ಅಧ್ಯಕ್ಷಗಿರಿಗೆ ಮತ್ತೆ ಆರ್ಮಂಡ್‌ನೇ ಗೆದ್ದಿದ್ದ, ಅದೂ ಒಳ್ಳೆಯ ಅಂತರದಲ್ಲಿ. ಅವನ ಮಾತು ಕೇಳದೆ ಸೇತುವೆಗೆ ಕೈ ಎತ್ತಿದವರೇ, ಸೇತುವೆಗೆ ಬೇಡ ಎನ್ನುವ ಗಟ್ಟಿ ಮನುಷ್ಯ ಬೇಕೆಂದು ಅವನಿಗೂ ಮತ ಹಾಕಿದ್ದರು. ಹತ್ತು ವರ್ಷದಿಂದ ರಾಜಕೀಯದಲ್ಲಿದ್ದೇನೆ, ಈ ಜನರನ್ನು ವಿವರಿಸು ಎಂದರೆ ನನ್ನಿಂದಾಗದು.

ಆಗಸ್ಟಿನಲ್ಲಿ ಕಡತ ಗವರ್ನರ್ ಮತ್ತು ಪರಿಷತ್ತಿನ ಮುಂದೆ ಬಂತು. ಊರಿನ ಪರವಾಗಿ ವಾದಿಸಬೇಕಾದವನು ಅಧ್ಯಕ್ಷ, ಅಂದರೆ ಆರ್ಮಂಡ್. ಲೂಸಿಯನ್ ತಾನೂ ಬರುವೆನೆಂದು ಹಟ ಹಿಡಿದ. ಮೂವರೂ ಒಂದೇ ಪಿಕಪ್ಪಿನ ಒಂದೇ ಸೀಟಿನಲ್ಲಿ ರಾಜಧಾನಿಗೆ ಹೊರಟೆವು. ನಡುವೆ ನಾನು, ಗಾಡಿಯ ಗೇರ್ ಹಿಡಿಕೆ ಮೊಣಕಾಲಿಗೆ ಬಡಿಯುತ್ತಿತ್ತು.

"ನೀನು ವಿರುದ್ಧ ಮತ ಹಾಕ್ದೋನು. ಅಲ್ಲಿ ಹೋಗಿ ಏನಂತ ಊದ್ತೀಯಾ?" ಎಂದ ಲೂಸಿಯನ್ ಕಿಟಕಿಯ ಹೊರಗೆ ನೋಡುತ್ತ.

"ಊರು ಒಪ್ಪಿದೆ. ಊರಿನ ಮಾತು ಹೇಳ್ತೀನಿ. ನನ್ನ ಮಾತಲ್ಲ."

"ಸರಿಯಾಗಿ ಹೇಳ್ತೀಯಾ?"

"ನಿನಗಿಂತ ಚೆನ್ನಾಗಿ ಹೇಳ್ತೀನಿ. ಟೋಪಿ ತೆಗೆದು."

ಹೇಳಲು ತಯಾರಾಗಿಯೇ ಬಂದಿದ್ದ. ಗುಡ್ಡದ ರಸ್ತೆಯ ಫೋಟೋಗಳನ್ನು ತಾನೇ ಹೋಗಿ ತೆಗೆದಿದ್ದ, ಅದೂ ಕೆಸರಿನ ಕಾಲದಲ್ಲಿ. ಆದರೆ ಆ ಸಭಾಂಗಣದಲ್ಲಿ ನಮ್ಮ ಸೇತುವೆ ನೂರಾರು ವಿಷಯಗಳ ನಡುವೆ ಒಂದು. ಗವರ್ನರ್ ಅದನ್ನು ಬೇರೆ ಹತ್ತಾರು ಗುತ್ತಿಗೆಗಳ ಜೊತೆ ಸೇರಿಸಿ ಒಂದೇ ಉಸಿರಿನಲ್ಲಿ ಓದಿದ. ಐವರೂ ಹೂಂ ಎಂದರು. ಆರ್ಮಂಡ್ ಕುರ್ಚಿಯಿಂದ ಅರ್ಧ ಎದ್ದವನು ಅರ್ಧದಲ್ಲೇ ಉಳಿದ. ಮುಗಿದಿತ್ತು.

"ಮಾತಾಡೋಕೇ ಬಿಡಲಿಲ್ಲ!" ಎಂದ ಲೂಸಿಯನ್, ಹೊರಗಿನ ಮೆಟ್ಟಿಲ ಮೇಲೆ ಕಿರುಚುತ್ತ. "ಇಷ್ಟು ದೂರ ಬಂದು! ಒಂದು ಮಾತು ಕೇಳಲಿಲ್ಲ! ಇದ್ಯಾವ ಸೀಮೆ ಸರ್ಕಾರ?"

"ಸೇತುವೆ ಸಿಕ್ತಲ್ಲೋ ಮೂರ್ಖಾ" ಎಂದೆ.

"ಸಿಗಲಿ. ಕೇಳಬೇಕಿತ್ತು."

"ಹೌದು" ಎಂದ ಆರ್ಮಂಡ್, ಫೋಟೋಗಳ ಲಕೋಟೆಯನ್ನು ಕಂಕುಳಲ್ಲಿ ಒತ್ತಿಕೊಂಡು. "ಕೇಳಬೇಕಿತ್ತು."

ನಲವತ್ತು ವರ್ಷದಲ್ಲಿ ಇಬ್ಬರೂ ಒಂದೇ ಮಾತಿಗೆ ಒಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಪ್ಪಿದ್ದು ಇಂಥ ಮಾತಿಗೆ.

ಸೇತುವೆ ಮುಗಿದದ್ದು ಮುಂದಿನ ವರ್ಷ, ಮೇಪಲ್ ಎಲೆಗಳು ಕೆಂಪಾಗುವ ಹೊತ್ತಿಗೆ. ಉದ್ಘಾಟನೆ ಎಂದು ಏನೂ ಇರಲಿಲ್ಲ, ಕೆಲಸದವರು ದಿಮ್ಮಿಗಳನ್ನು ಲಾರಿಗೆ ಎತ್ತಿಕೊಂಡು ಹೋದರು. ಅಂದು ಲೂಸಿಯನ್‌ಗೆ ಜ್ವರ. ಜಿನೆಟ್‌ಳನ್ನು ಆಸ್ಪತ್ರೆಗೆ ಕರೆದೊಯ್ದವಳು ನಾನು. ನಡು ಸೇತುವೆಗೆ ಬಂದಾಗ ನಿಲ್ಲಿಸು ಎಂದಳು. ಕಿಟಕಿ ಇಳಿಸಿ ಕೆಳಗಿನ ನೀರಿನ ಸದ್ದು ಕೇಳುತ್ತ ಕೂತಳು. ಊರ ಕಡೆಯಿಂದ ಹೊಸ ಸೇತುವೆ ನೋಡಲು ಬಂದ ಯಾರೋ ಹಾರನ್ ಹೊಡೆದರು.

"ಹೊಡೀಲಿ ಬಿಡು" ಎಂದಳು ಜಿನೆಟ್. "ಇನ್ನೊಂದು ಸ್ವಲ್ಪ ಹೊತ್ತು."